ಗುರುವಾರದ ಚೀಲ

"ಮೇಷ್ಟ್ರೇ, ಇವತ್ತು ನನ್ನ ಕಾದಂಬರಿ ಬೇಡ. ಬೇರೆ ಏನಾದ್ರೂ ಓದಿ," ಎಂದಳು ನೆರೇಯ್ದಾ, ಓಡಿಬಂದ ಏದುಸಿರಿನಲ್ಲೇ.

ಎವೆಲಿಯೊ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಸಾಂತಾ ಕ್ಲಾರಾದ ಆ ಚುಟ್ಟಾ ಕಾರ್ಖಾನೆಯಲ್ಲಿ ಜನ ಹೊಗೆಸೊಪ್ಪು ಸುತ್ತುತ್ತಿರುವಾಗ ಎತ್ತರದ ಕುರ್ಚಿಯಲ್ಲಿ ಕೂತು, ಬೆಳಿಗ್ಗೆ ಪೇಪರ್, ಮಧ್ಯಾಹ್ನ ಕಾದಂಬರಿ ಓದುವುದು ಅವರ ಉದ್ಯೋಗ.

"ಯಾಕಮ್ಮ, ಬರೆದದ್ದರಲ್ಲಿ ಏನಾದ್ರೂ ತಪ್ಪಿದೆಯಾ?"

"ಹನ್ನೊಂದನೇ ಅಧ್ಯಾಯ ತಿದ್ದಬೇಕು."

"ನಿನ್ನ ಕೈಯಲ್ಲಿದ್ದಾಗ ತಿದ್ದಬೇಕಿತ್ತು. ಇವರೆಲ್ಲ ಕೈಯೆತ್ತಿ ಆರಿಸಿದ ಪುಸ್ತಕ. ಇಪ್ಪತ್ತಾರು ವರ್ಷದಲ್ಲಿ ಒಂದನ್ನೂ ನಾನು ನಡುವೆ ನಿಲ್ಲಿಸಿಲ್ಲ. ಅದರಲ್ಲೂ ನಮ್ಮವಳೇ ಬರೆದದ್ದು! ಹೋಗು, ಹೋಗಿ ಕೂತ್ಕೊ."

ಹತ್ತೊಂಬತ್ತು ವರ್ಷ ಕೊಲೆ ಕಥೆಗಳನ್ನು ಕೇಳುತ್ತಲೇ ಚುಟ್ಟಾ ಸುತ್ತಿದವಳು ನೆರೇಯ್ದಾ. ಕಥೆಯ ಯಾವ ತಿರುವಿನಲ್ಲಿ ಇನ್ನೂರು ಜನರ ಕೈ ನಿಧಾನವಾಗುತ್ತದೆ ಎಂಬುದನ್ನು ನೋಡಿ ನೋಡಿಯೇ ಬರೆಯುವುದನ್ನು ಕಲಿತಳು. ಭಾನುವಾರ ಬಟ್ಟೆ ಒಗೆದಾದ ಮೇಲೆ ಅಡುಗೆಮನೆಯ ಮೇಜಿನಲ್ಲಿ ಬರೆದಳು. ಮೇಷ್ಟ್ರು ಹೇಳಿಕೊಟ್ಟಿದ್ದು ಒಂದೇ ಪಾಠ: ಏನನ್ನೋ ಮುಚ್ಚಿಡುತ್ತಿರುವ ಒಬ್ಬ ನಿರಪರಾಧಿ ಬೇಕು. ಎಲ್ಲರ ಅನುಮಾನ ಅವರ ಮೇಲೆ ಹೋಗಲಿ, ಆಮೇಲೆ ಬಿಡಿಸು. ಅಂಥವರನ್ನು ನೆರೇಯ್ದಾ ದೂರ ಹುಡುಕಬೇಕಾಗಿರಲಿಲ್ಲ. ಚುಟ್ಟಾ ಸುತ್ತುವ ಪಕ್ಕದ ಹಲಗೆಯಲ್ಲೇ ಮಿಗ್ದಾಲಿಯಾ ಇದ್ದಳು. ವಾರ ಬಿಟ್ಟು ವಾರ, ಗುರುವಾರ ಎರಡು ಗಂಟೆಗೆ, ಮಂಡಿನೋವಿನ ಚಿಕಿತ್ಸೆಗೆಂದು ಹೇಳಿ ಹಸಿರು ಪಟ್ಟೆಯ ಚೀಲ ಹಿಡಿದು ಹೊರಟುಬಿಡುತ್ತಿದ್ದಳು. ಎಲ್ಲಿಗೆ ಎನ್ನುವುದು ಇಡೀ ಕಾರ್ಖಾನೆಯಲ್ಲಿ ನೆರೇಯ್ದಾಗೆ ಮಾತ್ರ ಗೊತ್ತಿತ್ತು. ಕಾದಂಬರಿಯಲ್ಲಿ ಅವಳ ಹೆಸರನ್ನು ಅಂಪಾರೊ ಎಂದು ಮಾಡಿದಳು, ಮಂಡಿನೋವನ್ನು ಹಲ್ಲುನೋವು ಮಾಡಿದಳು. ಚೀಲ ಮಾತ್ರ ಹಾಗೇ ಉಳಿಯಿತು; ಹತ್ತು ಅಧ್ಯಾಯ ಕೇಳಿದವರ ಅನುಮಾನವೆಲ್ಲ ಅದರ ಮೇಲೇ.

ಇವತ್ತು ಊಟದ ಹೊತ್ತಿಗೆ ಹಿಂದಿನ ಹಲಗೆಯ ಫೆರ್ಮಿನ್ ಆ ಚೀಲವನ್ನು ಎತ್ತಿ ನೋಡಿದ್ದ. "ಮಿಗ್ದಾಲಿಯಕ್ಕಾ, ಭಾರ ಇದೆಯಲ್ಲ! ಹೆಣದ ಕೈಯೋ, ಕಾಲೋ?"

"ನಿನ್ನ ನಾಲಿಗೆ ಕಣೋ," ಎಂದಿದ್ದಳು ಮಿಗ್ದಾಲಿಯಾ. "ಉದ್ದ ಇತ್ತು, ಮಡಚಿ ಇಟ್ಟಿದ್ದೀನಿ."

ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮಿಗ್ದಾಲಿಯಾಳೂ ನಕ್ಕಳು. ಅಂಪಾರೊ ಯಾರೆಂದು ಎಲ್ಲರಿಗೂ ಗೊತ್ತು ಎನ್ನುವುದು ಆಗಷ್ಟೇ ನೆರೇಯ್ದಾಗೆ ಹೊಳೆಯಿತು. ಇನ್ನರ್ಧ ಗಂಟೆಯಲ್ಲಿ ಓದಲಿರುವ ಅಧ್ಯಾಯದಲ್ಲಿ ಆ ಚೀಲ ತೆರೆಯುತ್ತದೆ.

ಮೇಷ್ಟ್ರು ಶುರುಮಾಡಿದರು. ಪತ್ತೇದಾರ ಅಂಪಾರೊಳ ಹಿಂದೆಯೇ ಬಸ್ಸು ಹತ್ತಿದ. ಕಬ್ಬಿನ ಗದ್ದೆಗಳಾಚೆ, ಕೊನೆಯ ನಿಲ್ದಾಣದಲ್ಲಿ ಇಳಿದ. ಬೂದು ಗೋಡೆ, ಕಬ್ಬಿಣದ ಬಾಗಿಲು, ಬಿಸಿಲಲ್ಲಿ ಚೀಲ ಹಿಡಿದು ಸಾಲು ನಿಂತ ಹೆಂಗಸರು. ಜೈಲಿನ ಕಾವಲಿನವನು ಪೇರಲೆ ಸಿಹಿಯ ಸೀಸೆ ತೆರೆದು, ಚಮಚ ಹಾಕಿ ತಳದವರೆಗೂ ಕಲಕಿದ. 'ಒಳಗಿರುವವನು ನಿನಗೇನಾಗಬೇಕು?' ಎಂದು ಕೇಳಿದ. 'ಮಗ,' ಎಂದಳು ಅಂಪಾರೊ. ಪತ್ತೇದಾರ ಟೋಪಿ ತೆಗೆದು, ಬಂದ ದಾರಿಯಲ್ಲೇ ಹಿಂದಿರುಗಿದ. ಈಕೆ ಯಾರನ್ನೂ ಕೊಂದವಳಲ್ಲ.

ಆ ಕೊನೆಯ ಸಾಲನ್ನು ಬರೆದ ಭಾನುವಾರ ನೆರೇಯ್ದಾ ಅತ್ತಿದ್ದಳು. ಮಿಗ್ದಾಲಿಯಾಗೆ ತಾನು ಏನೋ ಒಳ್ಳೆಯದನ್ನು ಮಾಡಿದೆ ಅಂದುಕೊಂಡಿದ್ದಳು.

ಓದು ಮುಗಿದಾಗ ಎಲೆ ಕತ್ತರಿಸುವ ಚಾಕುವಿನ ಚಪ್ಪಟೆ ಮೈಯಿಂದ ಹಲಗೆ ಬಡಿಯುವುದು ಅಲ್ಲಿನ ಚಪ್ಪಾಳೆ. ದೂರದ ಸಾಲುಗಳಿಂದ ಟಕಟಕ ಸದ್ದು ಎದ್ದಿತು. ಫೆರ್ಮಿನ್ ಎತ್ತಿದ ಚಾಕುವನ್ನು ಹಾಗೇ ಹಿಡಿದು ಮಿಗ್ದಾಲಿಯಾಳ ಬೆನ್ನು ನೋಡಿದ. ಅವನನ್ನು ನೋಡಿ ಪಕ್ಕದವರು ನಿಲ್ಲಿಸಿದರು. ಒಂದೊಂದೇ ಸಾಲಿನ ಬಡಿತ ನಿಂತಿತು.

ಮಿಗ್ದಾಲಿಯಾ ಕೈಯಲ್ಲಿದ್ದ ಚುಟ್ಟಾ ಸುತ್ತಿ ಮುಗಿಸಿದಳು. ತುದಿಯನ್ನು ಎಂದಿನಂತೆ ನೀಟಾಗಿ ಅಂಟಿಸಿದಳು. ಎರಡು ಗಂಟೆಗೆ ಎದ್ದು, ಹಲಗೆಯ ಕೆಳಗಿನಿಂದ ಚೀಲ ಎಳೆದಾಗ ಒಳಗೆ ಸೀಸೆ ಎಲ್ಲೋ ತಾಗಿ ಸದ್ದಾಯಿತು.

"ಅಕ್ಕಾ, ನಾನು ಸುಮ್ನೆ ತಮಾಷೆಗೆ..." ಫೆರ್ಮಿನ್ ಎದ್ದು ನಿಂತ.

"ಗೊತ್ತು ಕಣೋ, ಕೂತ್ಕೊ." ಆಮೇಲೆ ನೆರೇಯ್ದಾಳ ಕಡೆ ತಿರುಗಿ, "ಹೋಗ್ಬರ್ತೀನಿ," ಎಂದಳು. ಮಂಡಿಯ ಮಾತು ಎತ್ತಲಿಲ್ಲ.

"ಮಿಗ್ದಾಲಿಯಾ, ಹೆಸರು ಬೇರೆ ಇಟ್ಟಿದ್ದೆ ಕಣೇ..."

"ಇಟ್ಟಿದ್ದೆ." ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನೆರೇಯ್ದಾಗೆ. "ಅಲ್ಲಿ ನನ್ನ ಮಗನ ಎದುರು ಎರಡು ಗಂಟೆ ಕೂತು ಏನು ಮಾತಾಡ್ಲಿ ಹೇಳು. ಮನೆ ವಿಷಯ ಎತ್ತಿದ್ರೆ ಅಳ್ತಾನೆ. ಅದಕ್ಕೇ ನಿನ್ನ ಕಥೆ ಹೇಳ್ತಿದ್ದೆ, ಮೊದಲನೇ ಅಧ್ಯಾಯದಿಂದ. ಔಷಧಿ ಅಂಗಡಿಯವನೇ ಕೊಲೆಗಾರ ಅಂತ ಅವನು, ಅಲ್ಲ ಅಂತ ಅವನ ಕೋಣೆಯವರು, ಪಂದ್ಯ ಕಟ್ಕೊಂಡಿದ್ದಾರೆ. ಹೋದ ಸಲ ಬಾಗಿಲವರೆಗೂ ಬಂದು, 'ಅಮ್ಮಾ, ಆ ಅಂಪಾರೊ ಚೀಲದಲ್ಲಿ ಏನಿದೆ ಅಂತ ಮುಂದಿನ ಸಲ ಹೇಳಲೇಬೇಕು' ಅಂದ. ನಗ್ತಿದ್ದ ಕಣೇ."

ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

"ಬಸ್ಸಿಗೆ ಇನ್ನೂ ಹತ್ತು ನಿಮಿಷ ಇದೆ. ಕಥೆ ಕಟ್ಟೋದು ಕಲ್ತಿದ್ದೀಯಲ್ಲ. ಅಂಪಾರೊ ಚೀಲದಲ್ಲಿ ಏನಿತ್ತು ಅಂತ ಅವನಿಗೆ ಹೇಳ್ಲಿ, ಹೇಳು."