ಸಡಿಲ ಬಿಟ್ಟರೆ ನಿಲ್ಲುವ ಕುದುರೆ

ಹೊಸ ಚಪ್ಪಲಿಯ ಚರ್ಮದ ವಾಸನೆ ಮೂಗಿಗೆ ಬಡಿದರೆ ಸಾಕು, ಈಗಲೂ ಅಜ್ಜಂಪುರದ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ಬೆಂಗಳೂರು, ಮೈಸೂರಿನ ದೂರದ ರೇಸುಗಳಲ್ಲಿ ಗೆದ್ದು, ವಯಸ್ಸಾದ ಮೇಲೆ ಮಾರಾಟಕ್ಕೆ ಬಂದಿದ್ದ ಕುದುರೆಯೊಂದನ್ನು ಅಪ್ಪ ಶೋಕಿಗೆಂದು ತಂದು, ವಾಸನೆ ಆರದ ಹೊಸ ಚರ್ಮದ ಲಗಾಮು ಹಾಕಿಸಿದ್ದರು. ಮಾರಿದಾತ ಹೊರಡುವಾಗ, "ಇದು ಎತ್ತಲ್ಲ ಸ್ವಾಮಿ. ಲಗಾಮು ಬಿಗಿದಷ್ಟೂ ಓಡೋದನ್ನ ಕಲ್ತಿದೆ. ನಿಲ್ಲಿಸ್ಬೇಕಂದ್ರೆ ಸಡಿಲ ಬಿಡಿ" ಅಂದಿದ್ದ. ಕೇಳಿಸಿಕೊಂಡವರು ಅಪ್ಪ ಮತ್ತು ನಾನು ಇಬ್ಬರೇ.

ರಜೆಗೆ ಬಂದ ಅಣ್ಣ ಅದನ್ನೇರಿ ಹೊಲದ ದಾರಿ ಹಿಡಿದ. ಬೀರೂರಿನ ಕಡೆಯಿಂದ ರೈಲು ಕೂಗಿತು. ಕುದುರೆ ಕಿವಿ ನಿಮಿರಿಸಿ ಹಳಿಯತ್ತ ಓಟ ಕಿತ್ತಿತು.

"ಎಳಿಯೋ, ಲಗಾಮು ಎಳಿಯೋ" ಎಂದು ಅಪ್ಪ ಕೂಗಿದರು. ನಾನೂ ಕೂಗಿದೆ.

ಎತ್ತಿನ ಹಗ್ಗ ಎಳೆದು ಬೆಳೆದ ಅಣ್ಣ ಮೈಯೆಲ್ಲ ಹಿಂದಕ್ಕೆ ವಾಲಿಸಿ ಎಳೆದ. ಕುದುರೆ ಇನ್ನೂ ಜೋರಾಯಿತು. ಹಳಿಯ ಪಕ್ಕದ ಜಲ್ಲಿಕಲ್ಲಿನ ಮೇಲೆ ಅವನು ಬಿದ್ದ, ಲಗಾಮು ಕೈತಪ್ಪಿತು. ಕುದುರೆ ತಕ್ಷಣ ನಿಂತುಬಿಟ್ಟಿತು. ಅದರ ಮೂಗಿನ ಮುಂದೆಯೇ ರೈಲು ಹಾದುಹೋಯಿತು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಅಣ್ಣ, "ಎಷ್ಟ್ ಎಳುದ್ರೂ ನಿಲ್ಲಲಿಲ್ಲ ಕಣಜ್ಜಿ" ಅಂದ.

"ನನ್ ಮೊಮ್ಮಗನ್ನ ತಿನ್ನೋಕೇ ಬಂದಿತ್ತು ಕಣಪ್ಪಾ. ನಾಳೆಗೇ ಸಾಗ್ಹಾಕು ಅದನ್ನ" ಎಂದು ಅಜ್ಜಿ ಅಪ್ಪನಿಗೆ ಹೇಳಿದರು.

ಅಪ್ಪ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ.

ಮರುದಿನ ಕುದುರೆಯನ್ನು ಲಾರಿಯ ಹತ್ತಿರ ಕರೆದೊಯ್ಯುವಾಗ ಅಪ್ಪ ಲಗಾಮನ್ನು ಎರಡೇ ಬೆರಳಲ್ಲಿ ಸಡಿಲವಾಗಿ ಹಿಡಿದಿದ್ದರು. ಅದು ಅವರ ಹಿಂದೆ ಸುಮ್ಮನೆ ನಡೆದುಹೋಯಿತು.