ಮೊಲದ ಕಿವಿಗೆ ಬೇವಿನೆಣ್ಣೆ

ಬೇವಿನೆಣ್ಣೆಯ ಕಹಿ ವಾಸನೆ ಬಂದರೆ ಈಗಲೂ ನನ್ನ ಎಡಗೈ ತಾನಾಗಿಯೇ ಸೆರಗಿನೊಳಗೆ ಸರಿಯುತ್ತದೆ.

ಆಗ ನಿಜಾಮರ ಕಾಲ, ನಮ್ಮದು ಕುಕನೂರು. ನಾನು ಸಾಕಿದ್ದ ಮೊಲದ ಕಿವಿಯಲ್ಲಿ ಕಜ್ಜಿಯಾಗಿ ಹಕ್ಕಳೆ ಕಟ್ಟಿತ್ತು. “ಹುಡುಗರ ಮೈಮ್ಯಾಲ ಒಂದು ಗುಳ್ಳಿ ಕಂಡ್ರೂ ಮೊಲಾನ ಹೊಲಕ್ಕ ಬಿಟ್ಟು ಬರ್ತೀನಿ” ಎಂದಿದ್ದ ಅಪ್ಪ.

ಮಧ್ಯಾಹ್ನ ಅಜ್ಜಿ ಬೇವಿನೆಣ್ಣೆಗೆ ಅರಿಶಿನ ಹಾಕಿ ಕಾಸಿ, ಆರಿಸಿ, ಅದರಲ್ಲಿ ಹತ್ತಿ ಅದ್ದಿ ಮೊಲದ ಕಿವಿಯೊಳಗೆ ಮೆಲ್ಲಗೆ ಸವರಿದಳು. ಹಕ್ಕಳೆ ಕೀಳಲು ನಾನು ಬಲಗೈಯೊಂದನ್ನೇ ಚಾಚಿದೆ.

“ಕೀಳಬ್ಯಾಡ. ನೆನದ್ರ ತಾನ ಉದುರತೈತಿ.”

ಮೊಲ ಅವಳ ತೊಡೆಯ ಮೇಲೆ ಕಣ್ಣು ಮುಚ್ಚಿತು. ಬಟ್ಟಲಲ್ಲಿ ಅರ್ಧ ಎಣ್ಣೆ ಉಳಿದಿತ್ತು. ಅಜ್ಜಿ ಹೊಸ ಹತ್ತಿ ಅದ್ದಿ, ನನ್ನ ಮುಖ ನೋಡದೆ ಹೇಳಿದಳು:

“ಎಡಗೈ ಇತ್ತ ತಗಿ. ನಿಮ್ಮಪ್ಪ ಬರೂದ್ರಾಗ ಹಚ್ಚಿಬಿಡ್ತೀನಿ. ಇಬ್ಬರಿಗೂ ಆಗೂವಷ್ಟ ಕಾಸೀನಿ.”