ಮಂಗಳವಾರದ ಮದ್ದು

ಕನ್ನಡಕ ಒರೆಸುವ ಬಟ್ಟೆಗೆಂದು ಅಂಗಿಯ ಜೇಬಿಗೆ ಕೈ ಹಾಕಿದ ವರ್ಲಿನ್‌ಗೆ ಒಂದು ಅಂಟುಪಟ್ಟಿ ಸಿಕ್ಕಿತು. ಅದರ ಮೇಲೆ ಅವನದೇ ಅಕ್ಷರದಲ್ಲಿ 'ಪಿಸ್ತೂಲು' ಎಂದಿತ್ತು. ಕನ್ನಡಕ ಒರೆಸುವುದು ಮರೆತೇಹೋಯಿತು.

ಹತ್ತು ಹೆಜ್ಜೆ ಮುಂದೆ ಅವನ ಹೆಂಡತಿ ಮಾರ್ಲಿಸ್ ಬೆಂಚಿನ ಮೇಲೆ ರೈಫಲ್ ಊರಿಕೊಂಡು, ಆರುನೂರು ಗಜ ದೂರದ ಗುರಿಹಲಗೆಗೆ ಕಣ್ಣಿಟ್ಟು ಕೂತಿದ್ದಳು. ಕೊನೆಯ ಸುತ್ತು, ಐದು ಗುಂಡು. ಅದಕ್ಕೆಂದೇ ಎತ್ತಿಟ್ಟಿದ್ದ ಹೊಸ ಡಬ್ಬಿಯನ್ನು ವರ್ಲಿನ್ ಈಗಷ್ಟೇ ಅವಳ ಕೈಗೆ ಕೊಟ್ಟು ಬಂದಿದ್ದ. ಒಳಗೆ ಇಪ್ಪತ್ತು ಕಾಡತೂಸು. ಮುಚ್ಚಳದ ಮೇಲೆ ತುಂಬಿದ ದಿನ, ಅವನ ಬರಹದಲ್ಲಿ: ಮಂಗಳವಾರ.

ಪಂದ್ಯದ ಮೇಲ್ವಿಚಾರಕ ಕರ್ಟಿಸ್ ಹಳೆಯ ಸ್ನೇಹಿತ. ಸಾಲಿನುದ್ದಕ್ಕೂ ನಡೆಯುತ್ತ ಬಂದವನು ಮಾರ್ಲಿಸ್ ಹತ್ತಿರ ನಿಂತ.

"ಈ ಬೇಸಿಗೇಲಿ ಒಂದು ಪಂದ್ಯನಾದ್ರೂ ಸೋತಿದೀಯೇನೇ? ಎಲ್ಲ ನಿನ್ನ ಗಂಡನ ಕೈಗುಣ. ಅದು ಹಾಳಾಗಿ ಹೋಗ್ಲಿ, ನಿನ್ನ ಗುಲಾಬಿಗೆ ಏನು ಹಾಕ್ತೀಯ ಹೇಳು. ನನ್ನ ಹೆಂಡ್ತಿ ದಿನಾ ನನ್ನ ತಲೆ ತಿಂತಾಳೆ."

"ಮುದುಕನ ಬೈಗುಳ. ದಿನಕ್ಕೆರಡು ಬಕೆಟ್," ಎಂದಳು ಮಾರ್ಲಿಸ್, ಕಣ್ಣು ಎತ್ತದೆ.

ಕರ್ಟಿಸ್ ನಗುತ್ತ ಹೋಗಿ ತನ್ನ ಕಟ್ಟೆ ಹತ್ತಿದ. "ತುಂಬಿಕೊಳ್ಳಿ!"

ವರ್ಲಿನ್‌ಗೆ ನಗು ಬರಲಿಲ್ಲ. ಮೂವತ್ತೆಂಟು ವರ್ಷದಿಂದ ಅವಳು ಹೊಡೆಯುವ ಒಂದೊಂದು ಕಾಡತೂಸನ್ನೂ ನೆಲಮಾಳಿಗೆಯಲ್ಲಿ ಕೂತು ಸಿಡಿಮದ್ದು ಅಳೆದು ಅವನೇ ತುಂಬಿದ್ದ. ಅಂಗಡಿಯ ಮಾಲಿನಲ್ಲಿ ಆ ಗುರಿ ಎಲ್ಲಿಂದ ಬರಬೇಕು? ಅಳತೆಯ ಯಂತ್ರಕ್ಕೆ ಯಾವ ಮದ್ದು ಸುರಿದನೋ ಅದರ ಹೆಸರು ಬರೆದ ಪಟ್ಟಿಯನ್ನು ಯಂತ್ರಕ್ಕೆ ಅಂಟಿಸುವುದು, ಕೆಲಸ ಮುಗಿದ ಮೇಲೆ ಕಿತ್ತು ಜೇಬಿಗೆ ಹಾಕಿಕೊಳ್ಳುವುದು ಅವನ ಪದ್ಧತಿ. ಮಂಗಳವಾರ ತೊಟ್ಟಿದ್ದೂ ಇದೇ ಅಂಗಿ. ರೈಫಲ್ಲಿನ ಮದ್ದು ನಿಧಾನವಾಗಿ ಉರಿದು ಗುಂಡನ್ನು ತಳ್ಳುತ್ತದೆ. ಪಿಸ್ತೂಲಿನದು ಒಂದೇ ಸಲಕ್ಕೆ ಭಗ್ಗೆನ್ನುತ್ತದೆ. ಅದನ್ನು ರೈಫಲ್ಲಿನ ಕಾಡತೂಸಿಗೆ ತುಂಬಿದರೆ ಉಕ್ಕೇ ಸಿಡಿದು ಹೊಡೆಯುವವರ ಮುಖಕ್ಕೆ ಬರುತ್ತದೆ.

ಮಂಗಳವಾರ ಯಾವ ಡಬ್ಬದಿಂದ ಸುರಿದೆ? ಎಷ್ಟು ನೆನೆಸಿಕೊಂಡರೂ ಹೊಳೆಯಲಿಲ್ಲ. ಇತ್ತೀಚೆಗೆ ಹೀಗೇ. ಹೋದ ತಿಂಗಳು ಒಲೆಯ ಮೇಲಿಟ್ಟ ಕೆಟಲ್ ಸುಟ್ಟು ಕರಕಲಾಗಿತ್ತು.

ಅಪಾಯ ಕಂಡರೆ 'ನಿಲ್ಲಿಸಿ' ಎಂದು ಯಾರು ಬೇಕಾದರೂ ಕೂಗಬಹುದು. ಆದರೆ ಕೂಗಿದ ಮೇಲೆ ಯಾಕೆಂದು ಹೇಳಬೇಕು. ವರ್ಲಿನ್ ಮದ್ದು ಅದಲುಬದಲು ಮಾಡಿದನಂತೆ ಎಂಬ ಮಾತು ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ. ಎರಡು ಕ್ಷಣ ಅವನು ಬಾಯಿ ತೆರೆಯಲಿಲ್ಲ. ಏನೇನೋ ಮರೆಯುವ ಮನುಷ್ಯ, ಆ ಎರಡು ಕ್ಷಣವನ್ನು ಮಾತ್ರ ಮುಂದೆಂದೂ ಮರೆಯಲಿಲ್ಲ.

ಮಾರ್ಲಿಸ್ ಕಾಡತೂಸು ಹಾಕಿ ರೈಫಲ್ಲಿನ ಬೋಲ್ಟ್ ಮುಚ್ಚಿದಳು. ಕೆನ್ನೆ ರೈಫಲ್ಲಿಗೆ ತಾಗಿತು.

"ನಿಲ್ಲಿಸಿ!" ವರ್ಲಿನ್ ಕೂಗಿದ.

ಕರ್ಟಿಸ್ ಸೀಟಿ ಊದಿದ. ಸಾಲಿನಲ್ಲಿದ್ದವರೆಲ್ಲ ಬೋಲ್ಟ್ ತೆರೆದು ಕೈ ಎತ್ತಿ ತಿರುಗಿದರು. "ಯಾರಪ್ಪ ಕೂಗಿದ್ದು?"

ಮಾರ್ಲಿಸ್ ಗಂಡನ ಮುಖ ನೋಡಿದಳು. ಅವನ ಬೆರಳಲ್ಲಿದ್ದ ಪಟ್ಟಿ ನೋಡಿದಳು. "ನಾನೇ ಕೂಗಿಸಿದ್ದು ಕರ್ಟಿಸ್. ಬೋಲ್ಟ್ ಯಾಕೋ ಬಿಗಿ ಹಿಡೀತಿದೆ. ಎರಡು ನಿಮಿಷ ಕೊಡು."

ವರ್ಲಿನ್ ಓಡಿಬಂದು ಅವಳ ಪಕ್ಕ ಕುಸಿದು ಕೂತ. "ಮುಟ್ಟಬೇಡ ಮಾರ್ಲಿಸ್. ಈ ಡಬ್ಬೀಲಿ ಮದ್ದು ತಪ್ಪಿದೆ."

"ತಪ್ಪಿತ್ತು," ಎಂದಳು ಅವಳು ಮೆಲ್ಲಗೆ. "ಇಪ್ಪತ್ತಕ್ಕೆ ಇಪ್ಪತ್ತೂ. ಬುಧವಾರ ನೀನು ಕ್ಷೌರಕ್ಕೆ ಹೋಗಿದ್ದಾಗ ಎಲ್ಲ ಬಿಚ್ಚಿ ಬೇರೆ ತುಂಬಿದೀನಿ. ಈಗ ಸರಿ ಇದೆ."

"ಇದೊಂದೇ ಡಬ್ಬೀನಾ?"

ಅವಳು ಬಟ್ಟೆ ತೆಗೆದುಕೊಂಡು, ಏನೂ ಆಗಿರದ ಬೋಲ್ಟನ್ನು ಒರೆಸತೊಡಗಿದಳು. "ಮಾರ್ಚಿಂದ ಎಲ್ಲ ಡಬ್ಬೀನೂ."

ವರ್ಲಿನ್‌ನ ಕಿವಿ ಬಿಸಿಯಾಯಿತು. ಬೇಸಿಗೆಯುದ್ದಕ್ಕೂ ಜನ ಅವನ ಬೆನ್ನು ತಟ್ಟಿದ್ದರು. ಅವನು ಉಬ್ಬಿ ಉಬ್ಬಿ ತಟ್ಟಿಸಿಕೊಂಡಿದ್ದ.

"ಒಂದು ಮಾತು ಹೇಳಬಾರದಿತ್ತಾ? ನಾನೇನು ಎಳೇ ಮಗೂನಾ?"

"ಹೇಳಿದ್ರೆ ನೀನು ಮತ್ತೆ ಆ ನೆಲಮಾಳಿಗೆ ಮೆಟ್ಟಿಲು ಇಳೀತಿದ್ಯಾ? ದಿನವಿಡೀ ಕಿಟಕಿ ಹತ್ರ ಕೂತಿರ್ತಿದ್ದೆ. ನನ್ನ ಕೈಲಿ ಅದನ್ನ ನೋಡೋಕಾಗಲ್ಲ ವರ್ಲಿನ್."

ಅವನು ಮುಚ್ಚಳದ ಮೇಲಿನ ತನ್ನ ಬರಹವನ್ನು ಬೆರಳಿಂದ ಸವರಿದ. "ನಾನು ತುಂಬಿದ್ದ ಮದ್ದೆಲ್ಲ ಏನ್ಮಾಡಿದೆ?"

"ಬೇಡದ ಮದ್ದನ್ನ ಎಲ್ರೂ ಏನ್ಮಾಡ್ತಾರೆ? ಗುಲಾಬಿ ಗಿಡದ ಬುಡಕ್ಕೆ ಹಾಕಿದೆ. ಗೊಬ್ಬರ ಆಗುತ್ತಲ್ಲ." ಅವಳು ಬೋಲ್ಟ್ ಸೇರಿಸಿದಳು. "ಈಗ ಹಿಂದಕ್ಕೆ ಹೋಗಿ ಕೂತ್ಕೋ. ನನಗೆ ಗುರಿ ಹೊಡೆಯೋದಿದೆ."

ಸೀಟಿ ಮತ್ತೆ ಕೇಳಿತು. ಅವಳು ಐದು ಸಲ ಹೊಡೆದಳು. ಸರಿ ಇದೆ ಎಂದು ಗೊತ್ತಿದ್ದರೂ ವರ್ಲಿನ್ ಐದು ಸಲವೂ ಕಣ್ಣು ಮುಚ್ಚಿಕೊಂಡ.

ಗುರಿಯ ಹಾಳೆ ಹಿಡಿದುಕೊಂಡು ಕರ್ಟಿಸ್ ಬಂದ. ಐದೂ ತೂತು ಒಂದು ಕಾಫಿ ಲೋಟದ ಬಾಯಿಯೊಳಗೆ ಅಡಗುವಂತಿದ್ದವು. ಜನ ಸುತ್ತ ಸೇರಿದರು. ಕರ್ಟಿಸ್ ವರ್ಲಿನ್‌ನ ಬೆನ್ನಿಗೆ ಗುದ್ದಿದ. "ಎಪ್ಪತ್ತೇಳಾದ್ರೂ ನಿನ್ನ ಕೈ ಕೈಯೇ ಬಿಡು ಮಾರಾಯ."

ಮಾರ್ಲಿಸ್ ಬೇಡ ಎನ್ನುವಂತೆ ಗಂಡನ ಕಡೆ ಸಣ್ಣಗೆ ತಲೆಯಾಡಿಸಿದಳು. ವರ್ಲಿನ್ ಅದನ್ನು ನೋಡಿದ. ನೋಡಿಯೂ ಎದ್ದು ನಿಂತ.

"ಅವಳ ಕೈ," ಎಂದ. "ಇದರಲ್ಲಿ ಒಂದನ್ನೂ ನಾನು ತುಂಬಿದ್ದಲ್ಲ. ಈ ವರ್ಷ ನೀವೆಲ್ಲ ಹೊಗಳಿದ್ದು ಅವಳು ತುಂಬಿದ್ದನ್ನ."

ತಮಾಷೆ ಇರಬೇಕೆಂದು ಕರ್ಟಿಸ್ ನಗಲು ನೋಡಿದ. "ಹಾಗಾದ್ರೆ ನೆಲಮಾಳಿಗೇಲಿ ಕೂತು ನೀನೇನು ಮಾಡ್ತಿದ್ದೆ?"

ವರ್ಲಿನ್ ಅಂಟುಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿದ.

"ನಿನ್ನ ಹೆಂಡ್ತಿ ಗುಲಾಬಿಗೆ ಏನು ಹಾಕ್ಬೇಕು ಅಂತ ಕೇಳ್ತಿದ್ಲಲ್ಲ," ಎಂದ, "ನನ್ನ ಹತ್ರ ಕಳಿಸು."